ಎರಡು ಗೆರೆ ನಂಬಿ ಕೆಟ್ಟವನ ಮಾತು ಕೇಳಿ! ಕಿಟ್ಟಿಗೂ ಕನ್ನಡ ಬೇಕು, ಕ್ಲಿನಿಕ್ಕಿಗೂ ಕನ್ನಡ ಬೇಕು

ಕನ್ನಡದ ಹುಡುಗರೇ, ಹುಡುಗಿಯರೇ,

ನಾನು ಲೇಖಕನಲ್ಲ. ಕುಶಾಲನಗರದಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಮನೆ ಹಾರಂಗಿಯಲ್ಲಿ. ಅಪ್ಪ ಅಣೆಕಟ್ಟಿನ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ನಾನು ಪಿಯುಸಿ ಮುಗಿಸಿ ಮೊಳೆ ಜೋಡಿಸಲು ಕೂತವನು, ಟ್ರೆಡಲ್ ಹೋಗಿ ಆಫ್‌ಸೆಟ್ ಬಂದರೂ ಆ ಸ್ಟೂಲಿನಿಂದ ಏಳಲಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಉತ್ತರಕ್ರಿಯೆ ಕಾರ್ಡು, ನವೆಂಬರ್ ಬಂದರೆ ನಿಮ್ಮಂಥವರ ರಾಜ್ಯೋತ್ಸವದ ಕರಪತ್ರ. ಇದೇ ನನ್ನ ಹೊಟ್ಟೆಪಾಡು.

ಇದರ ಜತೆಗೆ ಲ್ಯಾಬುಗಳ ರಿಪೋರ್ಟ್ ಪ್ಯಾಡೂ ಅಚ್ಚು ಹಾಕುತ್ತೇನೆ. ಇಪ್ಪತ್ತು ವರ್ಷದಲ್ಲಿ ಎಷ್ಟು ರೀಮ್ ಕಾಗದ ಹೋಯಿತೋ ಲೆಕ್ಕವಿಲ್ಲ. ಅದರಲ್ಲಿ ಒಂದಾದರೂ ಪ್ಯಾಡ್ ಕನ್ನಡದಲ್ಲಿ ಬಂದಿದ್ದರೆ ಕೇಳಿ! ಬಂದಿಲ್ಲ. 'ಸೀಮೆನ್ ಅನಾಲಿಸಿಸ್' ಅನ್ನುವ ಪ್ಯಾಡನ್ನೂ ನಾನೇ ಹಾಕಿದ್ದೇನೆ. ವಾಲ್ಯೂಮ್, ಕೌಂಟ್, ಮೋಟಿಲಿಟಿ, ಮಾರ್ಫಾಲಜಿ. ಪ್ರೂಫ್ ನಾನೇ ನೋಡಿದ್ದು, ಒಂದು ಸ್ಪೆಲ್ಲಿಂಗ್ ತಪ್ಪಿಲ್ಲ. ಅರ್ಥ ಮಾತ್ರ ಗೊತ್ತಿರಲಿಲ್ಲ. ನನಗೆ ಅರ್ಥ ಗೊತ್ತಿಲ್ಲದ್ದಕ್ಕೆ ನನ್ನ ಹೆಂಡತಿ ಎಂಟು ವರ್ಷ ದಂಡ ಕಟ್ಟಿದಳು. ಅದನ್ನು ಹೇಳಲಿಕ್ಕೇ ಈ ಬರಹ. ನಾಚಿಕೆಯ ವಿಷಯ ನಿಜ. ಆದರೆ ನಾಚಿಕೊಂಡು ಸುಮ್ಮನಿದ್ದವರಿಂದಲೇ ಈ ವ್ಯಾಪಾರ ನಡೆಯುತ್ತಿರುವುದು.

ನಮ್ಮ ಮದುವೆಯಾದದ್ದು 2011ರಲ್ಲಿ. ಮೂರು ವರ್ಷವಾದರೂ ಮಕ್ಕಳಿಲ್ಲ. ಹರಕೆ, ನಾಗಪೂಜೆ, ಅವರಿವರು ಹೇಳಿದ ಬೇರು ನಾರು ಎಲ್ಲಾ ಮುಗಿದ ಮೇಲೆ 2014ರಲ್ಲಿ ಮೈಸೂರಿನ ಒಂದು ಕ್ಲಿನಿಕ್ಕಿಗೆ ಹೋದೆವು. ಹೆಸರು ಬೇಡ, ಅವರೊಬ್ಬರದೇ ತಪ್ಪಲ್ಲ. ಡಾಕ್ಟರು ಚೀಟಿ ಬರೆದರು. ಅದರಲ್ಲಿ ಎರಡು ಪರೀಕ್ಷೆ: ಒಂದು ಎಚ್‌ಎಸ್‌ಜಿ, ಇನ್ನೊಂದು ಎಚ್‌ಎಸ್‌ಎ. ಕೋಳಿ ಕೆದರಿದ ಅಕ್ಷರ. ಕೊನೆಯ ಅಕ್ಷರ 'ಎ'ಯೋ 'ಜಿ'ಯೋ ಬ್ರಹ್ಮನಿಗೇ ಗೊತ್ತು. ಒಂದನ್ನೇ ಎರಡು ಸಲ ಬರೆದಿದ್ದಾರೆ ಅಂದುಕೊಂಡೆವು. ಎಚ್‌ಎಸ್‌ಜಿ ಮಾಡಿಸಿದೆವು.

ಈಗ ನಿಮಗೆ ಅರ್ಥ ಹೇಳುತ್ತೇನೆ, ನನಗೆ ಆಗ ಯಾರೂ ಹೇಳಲಿಲ್ಲ. ಎಚ್‌ಎಸ್‌ಜಿ ಅಂದರೆ ಗರ್ಭಕೋಶದೊಳಗೆ ದ್ರಾವಣ ಬಿಟ್ಟು, ಅಂಡನಾಳ ತೆರೆದಿದೆಯೋ ಮುಚ್ಚಿದೆಯೋ ಎಂದು ಎಕ್ಸರೆಯಲ್ಲಿ ನೋಡುವುದು. ಬಹಳ ಹೆಂಗಸರಿಗೆ ಹೊಟ್ಟೆ ಹಿಂಡಿದಂತೆ ನೋವಾಗುತ್ತದೆ. ಎಚ್‌ಎಸ್‌ಎ ಅಂದರೆ ಗಂಡನ ವೀರ್ಯ ಪರೀಕ್ಷೆ. ಸೂಜಿ ಇಲ್ಲ, ನೋವಿಲ್ಲ, ಕೆಲವು ನೂರು ರೂಪಾಯಿಯ ಕೆಲಸ. ಆ ಕಡೆ ನನ್ನವಳು ಎಕ್ಸರೆ ಮೇಜಿನ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಈ ಕಡೆ ನಾನು ಹೊರಗೆ ಟೀ ಕುಡಿಯುತ್ತಿದ್ದೆ. ಒಂದಕ್ಷರ, ಸ್ವಾಮಿ! ಒಂದೇ ಒಂದಕ್ಷರದ ವ್ಯತ್ಯಾಸ. 'ಗಂಡನ ವೀರ್ಯ ಪರೀಕ್ಷೆ' ಅಂತ ಕನ್ನಡದಲ್ಲಿ ಮೂರು ಪದ ಬರೆದಿದ್ದರೆ ನಾನು ತಪ್ಪಿಸಿಕೊಳ್ಳಲು ಸಾಧ್ಯವಿತ್ತೇ? ನನ್ನ ಅವ್ವನಿಗಾದರೂ ತಿಳಿಯುತ್ತಿತ್ತು!

ಎಲ್ಲ ತಪ್ಪನ್ನೂ ಇಂಗ್ಲಿಷಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಾರೆ. ಆಮೇಲೆ ಇನ್ನೊಂದು ಕ್ಲಿನಿಕ್ಕಿನಲ್ಲಿ ನರ್ಸಮ್ಮ ಕನ್ನಡದಲ್ಲೇ ಕೇಳಿದ್ದರು, 'ಯಜಮಾನ್ರದ್ದು ಟೆಸ್ಟ್ ಆಗಿದ್ಯಾ?' ಅಂತ. 'ಆಗಿದೆ' ಅಂದೆ. ಯಾಕೆ ಸುಳ್ಳು ಹೇಳಿದೆ? ಗಂಡಸಲ್ಲವೇ! ನಮ್ಮ ಭಾಷೆಯನ್ನೇ ನೋಡಿ. 'ಬಂಜೆ' ಅನ್ನುವ ಪದ ಸಿದ್ಧವಾಗಿದೆ, ಅದು ಹೆಂಗಸಿಗೆ ಮಾತ್ರ. ಗಂಡಸಿಗೆ ಅಂಥದ್ದೊಂದು ಬಳಕೆಯ ಮಾತೇ ಇಲ್ಲ. ಇರುವ ಬೈಗುಳಗಳ ಅರ್ಥ ಬೇರೆ, ವೀರ್ಯಾಣುವಿನ ಕೊರತೆಗೂ ಗಂಡಸುತನಕ್ಕೂ ಸಂಬಂಧವಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಇದು ವೈದ್ಯಶಾಸ್ತ್ರದ ಮಾತು. ಕನ್ನಡಕ್ಕಾಗಿ ಎದೆ ತಟ್ಟಿಕೊಳ್ಳುವ ನಾವು ಮೊದಲು ಕನ್ನಡದಿಂದ ಆ ಪದವನ್ನು ಗುಡಿಸಿ ಹಾಕಬೇಕು.

ಇನ್ನು ಕಿಟ್ಟಿನ ಕಥೆಗೆ ಬನ್ನಿ.

2018ರಲ್ಲಿ ಯಾರೋ ಸ್ನೇಹಿತ ಹೇಳಿದ, ಮನೆಯಲ್ಲೇ ನೋಡಿಕೊಳ್ಳುವ ಗಂಡಸರ ಕಿಟ್ ಬಂದಿದೆ, ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಬಾಗಿಲಿಗೆ ಬರುತ್ತದೆ ಅಂತ. ನನಗೆ ಸ್ವರ್ಗ ಸಿಕ್ಕಿದಂತಾಯಿತು. ಮೈಸೂರಿಗೆ ಹೋಗುವುದು ಬೇಡ, ಲ್ಯಾಬಿನ ಹುಡುಗಿಯ ಕೈಯಿಂದ ಡಬ್ಬಿ ಈಸಿಕೊಂಡು ಕಕ್ಕಸಿಗೆ ಹೋಗುವ ಅವಮಾನ ಬೇಡ. ಸಾವಿರದ ಚಿಲ್ಲರೆ ಕೊಟ್ಟು ತರಿಸಿದೆ. ಒಳಗೊಂದು ಕಾಗದ, ಬೆಂಕಿಪೊಟ್ಟಣದಷ್ಟು ಅಗಲಕ್ಕೆ ಎಂಟು ಮಡಿಕೆ. ಇಂಗ್ಲಿಷು, ಅದರ ಬೆನ್ನಿಗೆ ಹಿಂದಿ. ಚಿತ್ರ ನೋಡಿ ನೋಡಿ ಮಾಡಿದೆ. ಎರಡು ಗೆರೆ ಬಂತು. ಚಿತ್ರದಲ್ಲಿ ಎರಡು ಗೆರೆಯ ಪಕ್ಕ 'ನಾರ್ಮಲ್' ಅಂತಿತ್ತು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ!

ಆ ದಿನ ನಾನು ಮೀಸೆ ತಿರುವಿಕೊಂಡು ಓಡಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. 'ನನ್ನದೇನೂ ತೊಂದರೆ ಇಲ್ಲ' ಅಂತ ಅವ್ವನ ಮುಂದೆ ಹೇಳಿದೆ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಏನೂ ಮಾತಾಡಲಿಲ್ಲ. ಮತ್ತೊಂದು ವರ್ಷ ಮಾತ್ರೆ ನುಂಗಿದಳು, ರಕ್ತ ಕೊಟ್ಟಳು, ಸ್ಕ್ಯಾನಿಂಗ್ ಅಂತ ಬಸ್ಸಿನಲ್ಲಿ ಎಂಬತ್ತು ಚಿಲ್ಲರೆ ಕಿಲೋಮೀಟರ್ ಹೋಗಿ ಬಂದಳು.

2019ರಲ್ಲಿ ಒಬ್ಬ ಡಾಕ್ಟರು ಸಿಕ್ಕಿದರು, ನನ್ನ ಪುಣ್ಯ. 'ಗಂಡನ ರಿಪೋರ್ಟ್ ಕಾಗದದಲ್ಲಿ ತೋರಿಸದಿದ್ದರೆ ಇನ್ನು ನಿಮ್ಮ ಹೆಂಡತಿಯನ್ನು ಮುಟ್ಟುವುದಿಲ್ಲ' ಅಂದರು. ಲ್ಯಾಬಿಗೆ ಹೋದೆ. ರಿಪೋರ್ಟ್ ಬಂತು. ಕೌಂಟ್ ಚೆನ್ನಾಗಿತ್ತು, ಕಿಟ್ ಸುಳ್ಳು ಹೇಳಿರಲಿಲ್ಲ. ಆದರೆ ಮುಂದಕ್ಕೆ ಈಜುವ ವೀರ್ಯಾಣುಗಳು ನೂರಕ್ಕೆ ಹನ್ನೊಂದು. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಕನ್ನಡದಲ್ಲಿ ಹೇಳಿದರು: 'ಜಾತ್ರೆಗೆ ಜನ ಬಂದಿದ್ದಾರಪ್ಪ, ತೇರು ಎಳೆಯುವವರು ಕಮ್ಮಿ.' ಹತ್ತು ನಿಮಿಷ. ಎಂಟು ವರ್ಷದಲ್ಲಿ ತಿಳಿಯದ್ದು ಹತ್ತು ನಿಮಿಷದಲ್ಲಿ ತಿಳಿಯಿತು.

ಮನೆಗೆ ಬಂದು ಆ ಹಳೇ ಕಿಟ್ಟಿನ ಕಾಗದ ಹುಡುಕಿದೆ. ಮಗಳು ಪಿಯುಸಿ ಓದುತ್ತಿರುವ ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಓದಿಸಿದೆ. ಕೊನೆಯ ಮಡಿಕೆಯಲ್ಲಿ ಇತ್ತು: ಈ ಪರೀಕ್ಷೆ ಸಂಖ್ಯೆ ಮಾತ್ರ ನೋಡುತ್ತದೆ, ಚಲನೆಯನ್ನೂ ಆಕಾರವನ್ನೂ ನೋಡುವುದಿಲ್ಲ, ಎರಡು ಗೆರೆ ಬಂದ ಮಾತ್ರಕ್ಕೆ ಮಕ್ಕಳಾಗುವ ಖಾತರಿಯಿಲ್ಲ ಅಂತ. ನಾನು ಅಚ್ಚಿನವನು, ಅಕ್ಷರದ ಗಾತ್ರ ಕಣ್ಣಳತೆಯಲ್ಲೇ ಹೇಳುತ್ತೇನೆ. 'ನಾರ್ಮಲ್' ಅನ್ನುವುದು ಹದಿನಾಲ್ಕು ಪಾಯಿಂಟ್, ದಪ್ಪಕ್ಷರ. ಈ ಎಚ್ಚರಿಕೆ ಐದೋ ಆರೋ ಪಾಯಿಂಟ್. ಹೇಳಬೇಕಾದದ್ದನ್ನು ಹೇಳಿದಂತೆಯೂ ಆಯಿತು, ಯಾರೂ ಓದದಂತೆಯೂ ಆಯಿತು. ಇದು ಅಚ್ಚಿನ ಕಲೆ, ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಕಿಟ್ ಎಲ್ಲಾ ಮೋಸವೇ? ಹಾಗೆಂದರೆ ನಾನೂ ಅರ್ಧ ಸತ್ಯ ಹೇಳಿದಂತೆ. ಸರ್ಕಾರದ 'ನಿಶ್ಚಯ್' ಕಿಟ್ ನೋಡಿ, ಗರ್ಭ ನಿಂತಿದೆಯೋ ಇಲ್ಲವೋ ನೋಡುವುದು. ಆಶಾ ಕಾರ್ಯಕರ್ತೆ ಹಾಡಿಗೂ ಲೈನುಮನೆಗೂ ಬಿಟ್ಟಿಯಾಗಿ ತಂದುಕೊಡುತ್ತಾಳೆ. ಅದು ಯಾಕೆ ಕೆಲಸ ಮಾಡುತ್ತದೆ? ಆಶಾ ಅಕ್ಕ ಪಕ್ಕದಲ್ಲಿ ಕೂತು, ಬೆಳಗಿನ ಮೊದಲ ಮೂತ್ರ ಹಿಡಿಯಮ್ಮ, ಇಷ್ಟು ಹನಿ ಬಿಡಮ್ಮ ಅಂತ ಬಾಯಲ್ಲಿ ಹೇಳುತ್ತಾಳೆ. ಕಾಗದಕ್ಕೆ ಬಾರದ ಕನ್ನಡ ಅವಳ ಬಾಯಲ್ಲಿದೆ. ಈ ಕೊಡಗಿನಲ್ಲಿ ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕುರುಬರ ನುಡಿ, ಎರವರ ನುಡಿ ಎಷ್ಟಿಲ್ಲ! ಆಸ್ಪತ್ರೆ ಬೆಂಚಿನ ಮೇಲೆ ಎಲ್ಲರನ್ನೂ ಕೂಡಿಸುವುದು ಕನ್ನಡವೇ.

ಈಗ ಅಂಡ ಬಿಡುಗಡೆ ನೋಡುವ ಕಿಟ್‌ಗೆ ಬನ್ನಿ. ಇದರಲ್ಲಿ ದೊಡ್ಡ ಗುಂಡಿಯಿದೆ. ಗರ್ಭದ ಕಿಟ್ಟಿನಲ್ಲಿ ಎರಡನೇ ಗೆರೆ ತಿಳಿಯಾಗಿ ಬಂದರೂ ಅದು ಗೆರೆಯೇ, ಗರ್ಭ ನಿಂತಿದೆ ಅಂತಲೇ ಸಾಮಾನ್ಯ ಲೆಕ್ಕ. ಅಂಡದ ಕಿಟ್ಟಿನಲ್ಲಿ ಹಾಗಲ್ಲ! ಅದು ನೋಡುವುದು ಎಲ್‌ಎಚ್ ಎಂಬ ಹಾರ್ಮೋನನ್ನು. ಅದು ಮೈಯಲ್ಲಿ ಸ್ವಲ್ಪ ಯಾವಾಗಲೂ ಇರುತ್ತದೆ. ಹಾಗಾಗಿ ತಿಳಿ ಗೆರೆ ಯಾವ ದಿನವೂ ಬರಬಹುದು. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಬೇಕು, ಇಲ್ಲವೇ ಅದಕ್ಕಿಂತ ಗಾಢವಾಗಬೇಕು. ಆಗ ಮಾತ್ರ ಮುಂದಿನ 24ರಿಂದ 36 ಗಂಟೆಯೊಳಗೆ ಅಂಡ ಹೊರಬರುವ ಸಂಭವ ಎಂದರ್ಥ. ಒಂದು ಕಿಟ್ಟಿನ ರೂಢಿಯಲ್ಲಿ ಇನ್ನೊಂದನ್ನು ಓದಿದರೆ ತಿಂಗಳು ತಿಂಗಳೂ ತಪ್ಪು ದಿನ. ಪಿಸಿಓಎಸ್ ಇರುವ ಹೆಣ್ಣುಮಕ್ಕಳಿಗೆ ಎಲ್‌ಎಚ್ ಮೊದಲೇ ಏರಿರಬಹುದು, ಅವರಿಗೆ ಕಿಟ್ ಸುಮ್ಮಸುಮ್ಮನೆ ಆಸೆ ಹುಟ್ಟಿಸುತ್ತದೆ. ಅಂಡನಾಳ ಮುಚ್ಚಿದ್ದರೆ ಯಾವ ಕಿಟ್ಟೂ ಹೇಳುವುದಿಲ್ಲ. ಥೈರಾಯ್ಡ್ ಏರುಪೇರಾಗಿದ್ದರೆ ಅದೂ ಈ ಗೆರೆಗಳಲ್ಲಿ ಕಾಣುವುದಿಲ್ಲ.

ಬೆಂಗಳೂರಿನಲ್ಲಿ ಕೂತ ನೀವು, 'ಅಣ್ಣಾ, ನಮಗೆ ಇಂಗ್ಲಿಷ್ ಬರುತ್ತೆ, ನಾವು ಓದಿಕೊಳ್ತೀವಿ' ಅನ್ನಬಹುದು. ಓದಿ, ಸಂತೋಷ. ಆದರೆ ಕೆಲಸಕ್ಕೆ ಸೇರುವ ಇಂಗ್ಲಿಷು ಬೇರೆ, ಕಾಯಿಲೆಯ ಇಂಗ್ಲಿಷು ಬೇರೆ. 'ಅಸ್ತೆನೋಜೂಸ್ಪರ್ಮಿಯ' ಅಂದರೇನು, ಗೂಗಲ್ ನೋಡದೆ ಹೇಳಿ ನೋಡೋಣ! ನನ್ನ ರಿಪೋರ್ಟಿನ ಕೊನೆಯಲ್ಲಿದ್ದದ್ದು ಆ ಪದ. 'ಚಲನೆ ಕಡಿಮೆ' ಎಂಬ ಎರಡೇ ಪದಕ್ಕೆ ಅಷ್ಟುದ್ದದ ಬಾಲ. ನಿಮಗೆ ಬಂದರೂ ನಿಮ್ಮ ಅಕ್ಕನಿಗೆ ಬರಬೇಕಲ್ಲ? ನಿಮ್ಮ ಮನೆಗೆ ಬರುವ ಸೊಸೆಗೆ?

ಇಷ್ಟೆಲ್ಲಾ ಹೇಳಿದ್ದು ಕಿಟ್ಟಿಗೆ. ಕ್ಲಿನಿಕ್ಕಿನವರೇನು ಸಾಚಾಗಳೇ? ಲ್ಯಾಬಿನ ಪರೀಕ್ಷೆ ಕಿಟ್ಟಿಗಿಂತ ನೂರು ಪಾಲು ಮೇಲು, ಸರಿ. ಸೂಕ್ಷ್ಮದರ್ಶಕದ ಕೆಳಗೆ ಸಂಖ್ಯೆ, ಚಲನೆ, ಆಕಾರ, ಪ್ರಮಾಣ ಎಲ್ಲವನ್ನೂ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಆರನೇ ಆವೃತ್ತಿಯಲ್ಲಿ ಕೆಳಮಿತಿ ಹೀಗಿದೆ: ಮಿಲಿ ಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಮುಂದಕ್ಕೆ ಈಜುವಂಥವು ನೂರಕ್ಕೆ 30. ಇದಕ್ಕಿಂತ ಕಡಿಮೆ ಬಂದರೆ ಮಕ್ಕಳೇ ಆಗುವುದಿಲ್ಲ ಎಂದಲ್ಲ, ಹೆಚ್ಚಿದ್ದರೆ ಆಗಿಯೇ ತೀರುತ್ತದೆ ಎಂದೂ ಅಲ್ಲ. ಒಂದು ಸಲದ ರಿಪೋರ್ಟನ್ನೇ ಕೊನೆಯ ಮಾತು ಅಂದುಕೊಳ್ಳಬಾರದು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಬೇಕು, ನಡುವೆ ಜೋರು ಜ್ವರ ಬಂದಿದ್ದರೂ ಲೆಕ್ಕ ಕೆಡುತ್ತದೆ.

ಆದರೆ ಆ ಪರೀಕ್ಷೆ ಸರಿಯಾಗಬೇಕಾದರೆ ಕೊಡುವವನಿಗೆ ನಿಯಮ ಗೊತ್ತಿರಬೇಕಲ್ಲ? ಎರಡರಿಂದ ಏಳು ದಿನ ಸಂಯಮ ಬೇಕು. ಮೊದಲ ಹನಿ ಚೆಲ್ಲಿಹೋದರೆ ಹೇಳಬೇಕು, ಹೆಚ್ಚು ವೀರ್ಯಾಣು ಇರುವುದು ಅದರಲ್ಲೇ. ಮನೆಯಿಂದ ತರುವುದಾದರೆ ಮೈಬಿಸಿಯಲ್ಲೇ ಇಟ್ಟು ಗಂಟೆಯೊಳಗೆ ಮುಟ್ಟಿಸಬೇಕು. ಹಾರಂಗಿಯಿಂದ ಮೈಸೂರಿಗೆ ಗಂಟೆಯೊಳಗೆ ಯಾರಪ್ಪನ ಕಾರಿನಲ್ಲಿ ಹೋಗುವುದು? ಇದನ್ನೆಲ್ಲ ಹೇಳುವ ಬೋರ್ಡು ಲ್ಯಾಬಿನ ಗೋಡೆಯ ಮೇಲಿತ್ತು. ಇಂಗ್ಲಿಷಿನಲ್ಲಿ! ನನ್ನ ಮುಂದಿದ್ದವನು, ಪಾಪ, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತ, ಅರ್ಧ ಚೆಲ್ಲಿದ್ದನ್ನು ನಾಚಿಕೆಗೆ ಹೇಳದೆ ಡಬ್ಬಿ ಕೊಟ್ಟು ಹೋದ. ಅವನ ರಿಪೋರ್ಟ್ ಏನು ಬಂದಿರಬಹುದು, ಅದರಿಂದ ಅವನ ಮನೆಯಲ್ಲಿ ಏನಾಗಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಒಪ್ಪಿಗೆ ಪತ್ರ. ನನ್ನ ಹೆಂಡತಿ ಎಷ್ಟು ಕಡೆ ಸಹಿ ಹಾಕಿದ್ದಾಳೋ! 'ಇಲ್ಲೊಂದು, ಇಲ್ಲೊಂದು, ಹಿಂದಗಡೆ ಒಂದು.' ಪೋಸ್ಟಾಫೀಸಿನಲ್ಲಿ ರಿಜಿಸ್ಟರ್ ಕಾಗದಕ್ಕೆ ಸಹಿ ಹಾಕಿಸಿಕೊಂಡ ಹಾಗೆ. ದಿಲ್ಲಿಯವರಿಗೆ ಇದು ಗೊತ್ತಿಲ್ಲ ಅಂದುಕೊಳ್ಳಬೇಡಿ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯಿದೆಯಲ್ಲಿ, ಗರ್ಭಿಣಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು ಎಂದೇ ಇದೆ. 2021ರ ಬಾಡಿಗೆ ತಾಯ್ತನದ ಕಾಯಿದೆಯಲ್ಲೂ, ಆ ತಾಯಿಗೆ ಅರ್ಥವಾಗುವ ಭಾಷೆ ಅಂತಲೇ ಬರೆದಿದ್ದಾರೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಅಂತ ಕನ್ನಡ ಬೋರ್ಡು ಯಾಕಿದೆ? ಸ್ಥಳೀಯ ಭಾಷೆಯಲ್ಲಿ ಹಾಕಲೇಬೇಕೆಂದು ನಿಯಮ ಇರುವುದರಿಂದ! ನಿಯಮ ಇದ್ದ ಕಡೆ ಕನ್ನಡ ತಾನಾಗಿ ಬರುತ್ತದೆ. ಇಲ್ಲದ ಕಡೆ 'ಕನ್ನಡದಲ್ಲಿ ಆ ಪದಗಳೇ ಇಲ್ಲ ಸಾರ್' ಅನ್ನುವ ಕುಂಟುನೆಪ.

ಪದ ಇಲ್ಲವಂತೆ! ಡಾ. ಅನುಪಮಾ ನಿರಂಜನ ತೀರಿಕೊಂಡದ್ದು 1991ರಲ್ಲಿ. ಅಷ್ಟರೊಳಗೆ 'ವಧುವಿಗೆ ಕಿವಿಮಾತು', 'ತಾಯಿ ಮಗು', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ಬರೆದು ಕನ್ನಡದ ಮನೆಮನೆಗೆ ಮುಟ್ಟಿಸಿದ್ದರು. ವೈದ್ಯೆಯೇ ಬರೆದ ಕನ್ನಡ. ಆಗ ಸಿಕ್ಕಿದ ಪದ ಈಗ ಎಲ್ಲಿ ಮಾಯವಾಯಿತು? ಇನ್ನೊಂದು ಅಪಾಯವೂ ಇದೆ. ಈಚೆಗೆ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿ ಕನ್ನಡ ಮಾಡಿಸಿ ಪ್ರೆಸ್ಸಿಗೆ ತರುತ್ತಾರೆ. 'ಶುಕ್ರಾಣು ಗತಿಶೀಲತಾ ಮೌಲ್ಯಾಂಕನ' ಅಂತೆ! ಇದಕ್ಕಿಂತ ಇಂಗ್ಲಿಷೇ ವಾಸಿ. 'ವೀರ್ಯಾಣು ಎಷ್ಟು ಚುರುಕಾಗಿ ಈಜುತ್ತವೆ' ಅಂತ ಬರೆದರೆ ಇವರ ಗಂಟೇನು ಹೋಗುತ್ತದೆ?

ಪೊಟ್ಟಣದ ಮೇಲಿನ ಬರಹದ ವಿಷಯದಲ್ಲಿ ದಿಲ್ಲಿಯ ನ್ಯಾಯ ಕೇಳಿ. 2011ರ ಪೊಟ್ಟಣ ಸಾಮಾನುಗಳ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕು. ಬೇರೆ ಭಾಷೆ? ಜತೆಗೆ ಹಾಕಿಕೊಂಡರೆ ಅಡ್ಡಿಯಿಲ್ಲವಂತೆ! ನಮ್ಮ ಭಾಷೆ ನಮ್ಮ ನೆಲದಲ್ಲಿ 'ಅಡ್ಡಿಯಿಲ್ಲ'ದ ಭಾಷೆ. ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಸ್ವಲ್ಪ ಮುಂದೆ ಹೋಗಿದೆ. ರಾಜ್ಯದಲ್ಲಿ ತಯಾರಾಗಿ ರಾಜ್ಯದಲ್ಲೇ ಮಾರುವ ಸಾಮಾನಿನ ಹೆಸರು, ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಒಳ್ಳೆಯದು. ಆದರೆ ಕಿಟ್ ಹೊರರಾಜ್ಯದಿಂದಲೋ ಹೊರದೇಶದಿಂದಲೋ ಬಂದರೆ? ಆಗ ಅದಕ್ಕೆ ಈ ಮಾತು ತಾಕುವುದಿಲ್ಲ. ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇಕಡಾ 60 ಇರಲಿ ಅಂತ ನೀವು ಬೀದಿಗಿಳಿದಿರಿ, ಶಹಬ್ಬಾಸ್. ಆದರೆ ಬೋರ್ಡು ತಪ್ಪಿದ್ದರೆ ಅಂಗಡಿಯ ಅಂದ ಕೆಡುತ್ತದೆ, ಕಿಟ್ಟಿನ ಕಾಗದ ತಪ್ಪಿದರೆ ಸಂಸಾರ ಕೆಡುತ್ತದೆ. ಔಷಧದ ಚೀಟಿಯನ್ನು ಸರ್ಕಾರಿ ವೈದ್ಯರು ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ನಕ್ಕವರಿದ್ದಾರೆ. ಎಚ್‌ಎಸ್‌ಎ, ಎಚ್‌ಎಸ್‌ಜಿಗೆ ಸಿಕ್ಕಿ ಒದ್ದಾಡಿದವರು ಯಾರೂ ನಗಲಾರರು.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ. ಮೆಡಿಕಲ್ ಶಾಪಿನ ಗಾಜು ಒಡೆಯಲು ಹೋಗಬೇಡಿ, ಆ ಹುಡುಗ ಸಂಬಳಕ್ಕೆ ದುಡಿಯುವವನು. ಕಿಟ್ ಕೊಂಡಾಗ ಕನ್ನಡ ಕಾಗದ ಎಲ್ಲಿ ಎಂದು ಕೇಳಿ, ಇಲ್ಲವೆಂದರೆ ಪೊಟ್ಟಣದ ಮೇಲಿರುವ ಗ್ರಾಹಕ ನಂಬರಿಗೆ ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಿ. ನೂರು ಜನ ಮಾಡಿದರೆ ಕಂಪನಿಯವನಿಗೆ ಬಿಸಿ ತಟ್ಟುತ್ತದೆ. ಸರ್ಕಾರ ಆಸ್ಪತ್ರೆಗಳಿಗೆ ಕೊಳ್ಳುವ ಕಿಟ್ಟಿನ ಟೆಂಡರಿನಲ್ಲಿ 'ಕನ್ನಡ ಸೂಚನೆ ಕಡ್ಡಾಯ, ಹತ್ತು ಪಾಯಿಂಟಿಗಿಂತ ಸಣ್ಣ ಅಕ್ಷರ ಕೂಡದು' ಎಂಬ ಒಂದೇ ಷರತ್ತು ಸೇರಿಸಲಿ ಅಂತ ನಿಮ್ಮ ಶಾಸಕರ ಬೆನ್ನು ಬೀಳಿ. ಕ್ಲಿನಿಕ್ಕಿಗೆ ಹೋದರೆ ಕನ್ನಡದ ಒಪ್ಪಿಗೆ ಪತ್ರ ಕೊಡುವವರೆಗೆ ಪೆನ್ನು ಮುಟ್ಟಬೇಡಿ. ಮದುವೆಯಾದ ಹುಡುಗರಿಗೆ ಮಾತ್ರ ಒಂದು ಮಾತು. ವರ್ಷವಾದರೂ ಮಗುವಿನ ಸುಳಿವಿಲ್ಲದಿದ್ದರೆ ಲ್ಯಾಬಿಗೆ ಮೊದಲು ಹೋಗಬೇಕಾದವನು ನೀನು, ಅವಳಲ್ಲ. ಅವಳಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಹೆದರಬೇಡ, 2023ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ ಪ್ರಪಂಚದಲ್ಲಿ ಆರು ಜನಕ್ಕೊಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಈ ತೊಂದರೆ ಕಂಡವರೇ.

ನಮ್ಮ ಕಥೆ ಏನಾಯಿತು ಅಂತ ಕೇಳುತ್ತೀರಿ. ವೀರ್ಯವನ್ನು ಸೋಸಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ ಎರಡು ಸಲ ಮಾಡಿಸಿದೆವು, ನಿಲ್ಲಲಿಲ್ಲ. ಆಮೇಲೆ 2020ರ ಲಾಕ್‌ಡೌನ್ ಬಂತು, ಪ್ರೆಸ್ ಮುಚ್ಚಿತು, ಮುಂದಿನದಕ್ಕೆ ದುಡ್ಡಿರಲಿಲ್ಲ. ಈಗ ಅವಳಿಗೆ ನಲವತ್ತು ದಾಟಿದೆ. ನಾವಿಬ್ಬರೇ. 2014ರಲ್ಲೇ ನಾನು ಲ್ಯಾಬಿಗೆ ಹೋಗಿದ್ದರೆ ಏನಾಗುತ್ತಿತ್ತೋ ಯಾರು ಬಲ್ಲರು? ಅವಳು ಅದನ್ನು ಒಮ್ಮೆಯೂ ಬಾಯಿಬಿಟ್ಟು ಕೇಳಿಲ್ಲ.

ನನ್ನ ಕೈಲಾದದ್ದು ಅಚ್ಚು ಹಾಕುವುದು. ನಾಲ್ಕು ಪುಟದ ಒಂದು ಕನ್ನಡ ಚೀಟಿ ತಯಾರಿಸುತ್ತಿದ್ದೇನೆ. ಕಿಟ್ ಏನು ನೋಡುತ್ತದೆ, ಏನು ನೋಡುವುದಿಲ್ಲ, ಲ್ಯಾಬಿಗೆ ಹೋಗುವ ಮುಂಚೆ ಏನು ಮಾಡಬೇಕು, ಅಷ್ಟೇ. ಹನ್ನೆರಡು ಪಾಯಿಂಟ್ ಅಕ್ಷರ. ಮಾತು ಜೋಡಿಸಿಕೊಟ್ಟವಳು ನನ್ನ ಹೆಂಡತಿ, 'ಚಲನೆ ಅನ್ನಬೇಡಿ, ಈಜೋದು ಅನ್ನಿ' ಅಂತ ತಿದ್ದಿದವಳೂ ಅವಳೇ. ಮೊದಲ ಪ್ರೂಫ್ ಡಾಕ್ಟರ ಹತ್ತಿರ ಹೋಗಿದೆ. ಅವರು ತಿದ್ದಿ ಕಳಿಸಿದ ವಾರಕ್ಕೆ ಐದು ಸಾವಿರ ಪ್ರತಿ ಹಾಕುತ್ತೇನೆ, ಕಾಗದದ ಖರ್ಚು ನನ್ನದು. ನಿಮ್ಮೂರಿನ ಮೆಡಿಕಲ್ ಶಾಪುಗಳಿಗೆ ಹಂಚುವವರು ಈ ಪತ್ರಿಕೆ ತಂದುಕೊಟ್ಟ ಹುಡುಗರ ಹತ್ತಿರ ಹೆಸರು ಬರೆಸಿ.